ಟೈಲರಮ್ಮನ ಸಾಕ್ಷಿ

ಅವರು ಮನುಷ್ಯರನ್ನು ಮೊದಲು ಬೆನ್ನಿನ ಕಡೆಯಿಂದ ನೋಡುತ್ತಿದ್ದರು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅವರ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಮೂಲೆಯಲ್ಲಿ ಶಾಲೆಯ ಯೂನಿಫಾರಂಗಳ ರಾಶಿ, ಅಷ್ಟೆ. ಗಿರಾಕಿ ಒಳಗೆ ಕಾಲಿಟ್ಟು ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಒಂದು ಸುತ್ತು ಹಾಕಿ, ಹಿಂದೆ ನಿಂತು, ಆಮೇಲೆ ಎದುರಿಗೆ ಬಂದು ಏನು ಹೊಲಿಯಬೇಕೆಂದು ಕೇಳುತ್ತಿದ್ದರು. ಊರಿನವರೆಲ್ಲ ಅವರನ್ನು ಟೈಲರಮ್ಮ ಎನ್ನುತ್ತಿದ್ದರು. ನಾನು ಬರೀ ಅಮ್ಮಾ ಎನ್ನುತ್ತಿದ್ದೆ. ಅವರು ನನ್ನನ್ನು ರೈಟ್ರೇ ಎಂದು ಕರೆಯುತ್ತಿದ್ದರು. ಠಾಣೆಯಲ್ಲಿ ಕೂತು ದೂರು ಬರೆದುಕೊಳ್ಳುವ ಪೊಲೀಸರಿಗೂ ನಮ್ಮ ಕಡೆ ಇದೇ ಹೆಸರು. ನಾನು ಬರೆಯುತ್ತಿದ್ದುದು ಟಿವಿ ಸೀರಿಯಲ್ಲಿನ ಸಂಭಾಷಣೆ ಎಂದು ಎಷ್ಟು ಹೇಳಿದರೂ, "ಎರಡೂ ಒಂದೇಯ. ಒಬ್ರು ಹೇಳಿದ್ನ ಬರೀತಾರೆ, ಇನ್ನೊಬ್ರು ಬರ್ದಿದ್ನ ಹೇಳುಸ್ತಾರೆ" ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಅಂದಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಹಾಸನದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪು ತೆರೆದಿಟ್ಟು ಎದ್ದು ಹೋಗುತ್ತೇನೆ, ಬಾಲ್ಕನಿಯಲ್ಲಿ ನಿಲ್ಲುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಅವರ ವಿಷಯದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಬೇಕಾದರೆ ಸೀರಿಯಲ್ಲಿನಿಂದಲೇ ಶುರು ಮಾಡಬೇಕು.

ಅದೊಂದು ಪತ್ತೇದಾರಿ ಸೀರಿಯಲ್. ಪುಟ್ಟ ಊರಿನ ಒಬ್ಬ ಚಿನ್ನದ ವ್ಯಾಪಾರಿ ಕಾಣೆಯಾಗುತ್ತಾನೆ, ಹೊಸದಾಗಿ ಬಂದ ಮಹಿಳಾ ಇನ್ಸ್‌ಪೆಕ್ಟರ್ ಅವನನ್ನು ಹುಡುಕುತ್ತಾಳೆ. ಆ ಊರು ಎಲ್ಲೂ ಇರಲಿಲ್ಲ. ನಾವು ಅದನ್ನು ಐದಾರು ಊರುಗಳಿಂದ ಜೋಡಿಸಿಕೊಂಡಿದ್ದೆವು. ಹೊಳೆದಂಡೆಯೂ ಪೇಟೆ ಬೀದಿಯೂ ಹೊಳೆನರಸೀಪುರದವು, ವ್ಯಾಪಾರಿಯ ಮನೆ ಅರಕಲಗೂಡಿನದು, ಕೆರೆ ಏರಿ ಚನ್ನರಾಯಪಟ್ಟಣದ್ದು, ಡಾಕ್ಟರ ಕ್ಲಿನಿಕ್ಕು ಹಾಸನದ್ದು. ಇನ್ಸ್‌ಪೆಕ್ಟರ್ ಕ್ವಾರ್ಟರ್ಸಿಗೆ ಗೊರೂರಿನಲ್ಲಿ ಒಂದು ಖಾಲಿ ಮನೆ ಸಿಕ್ಕಿತು. ವ್ಯಾಪಾರಿಯ ಚಪ್ಪಲಿ ಸಿಕ್ಕುವ ದೃಶ್ಯವನ್ನು ಶೆಟ್ಟಿಹಳ್ಳಿಯ ಪಾಳು ಚರ್ಚಿನಲ್ಲಿ, ಅದನ್ನು ಮುಳುಗಿಸುವ ಹಿನ್ನೀರು ಇಳಿದಾಗ ತೆಗೆದೆವು. ಟೈಲರಮ್ಮನಿಗೆ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.

"ಅರ್ಕಲ್ಗೂಡ್ನಾಗೆ ಬಾಗ್ಲಿಂದ ಒಳೀಕೆ ಓದೋನು ಚನ್ರಾಯ್‌ಪಟ್ಣದಾಗೆ ಹಿತ್ಲಿಂದ ಈಚೆಗೆ ಬತ್ತಾನಲ್ಲ ರೈಟ್ರೇ. ಮಧ್ಯೆ ಬಸ್ಸು ಎಲ್ಲಿ ಹತ್ತಿದ?"

"ನೋಡುವವರಿಗೆ ಗೊತ್ತಾಗಲ್ಲ ಅಮ್ಮಾ."

"ನಂಗೆ ಗೊತ್ತಾಯ್ತಲ್ಲ. ನಾನು ನೋಡೋಳಲ್ವಾ?"

ಅವರು ನಮ್ಮ ಸೀರಿಯಲ್ಲಿಗೆ ಬಂದದ್ದು ಪಾತ್ರ ಮಾಡುವುದಕ್ಕಲ್ಲ. ಇನ್ಸ್‌ಪೆಕ್ಟರ್ ಪಾತ್ರದ ನಟಿಯ ಖಾಕಿ ಶರ್ಟು ಹಿಂದುಗಡೆ ಗೋಣಿಚೀಲದ ಹಾಗೆ ಜೋಲುತ್ತಿತ್ತು. ಸರಿಮಾಡಿಸಲು ನಟಿಯನ್ನೇ ಅಂಗಡಿಗೆ ಕರೆದುಕೊಂಡು ಹೋದೆವು. ಟೈಲರಮ್ಮ ಎಂದಿನಂತೆ ಒಂದು ಸುತ್ತು ಹಾಕಿ, ಹಿಂದೆ ನಿಂತು, "ಇವ್ರು ಚಿಕ್ಕಂದಿನಾಗೆ ಬಲಗಡೆ ಏನೋ ಭಾರ ಹೊತ್ತವ್ರೆ. ಆ ಹೆಗಲು ಇಳ್ದದೆ. ಶರ್ಟಿಂದೇನೂ ತೆಪ್ಪಿಲ್ಲ" ಎಂದರು. ನಟಿ ಬೆರಗಾಗಿ ನಿಂತಳು. ಹೈಸ್ಕೂಲು ಮುಗಿಯುವವರೆಗೆ ತಮ್ಮನನ್ನು ಕಂಕುಳಲ್ಲಿ ಹೊತ್ತೇ ಬೆಳೆಸಿದವಳಂತೆ ಅವಳು. ಪಕ್ಕದಲ್ಲಿದ್ದ ನಿರ್ದೇಶಕರು ನನ್ನ ಕಡೆ ನೋಡಿದರು. ಮರುವಾರವೇ ಕಥೆಯಲ್ಲಿ ಒಬ್ಬ ಟೈಲರ್ ಹುಟ್ಟಿದಳು. ವ್ಯಾಪಾರಿ ಕಾಣೆಯಾದ ದಿನ ಅವನ ಜೊತೆ ಹೋದವನ ಬೆನ್ನನ್ನು ನೋಡಿದ್ದ ಒಬ್ಬಳೇ ಸಾಕ್ಷಿ. ಆ ಪಾತ್ರ ಟೈಲರಮ್ಮನಿಗೇ ಹೋಯಿತು.

ಕ್ಯಾಮೆರಾ ಎಂದರೆ ಅವರಿಗೆ ಅಂಜಿಕೆ ಇರಲಿಲ್ಲ. ಕಷ್ಟವಾಗಿದ್ದು ಒಂದೇ, ಕದಲದೆ ಕೂರುವುದು. ಕುರ್ಚಿಯಲ್ಲಿ ಕೂರಿಸಿದರೆ ಬಲಗಾಲು ತಾನಾಗಿ ನೆಲವನ್ನು ತುಳಿಯುತ್ತಿತ್ತು, ಯಂತ್ರದ ಪೆಡಲು ಅಲ್ಲೇ ಇದೆಯೇನೋ ಎಂಬಂತೆ. ಶಾಟ್ ಮಧ್ಯೆ ಬಿಡುವಾದರೆ ಎದ್ದು ಲೈಟಿನವರ ಹರಿದ ಜೇಬು ಹಿಡಿದು ನೋಡುತ್ತಿದ್ದರು. ಊಟವನ್ನೂ ನಿಂತೇ ಮಾಡುತ್ತಿದ್ದರು. ಯೂನಿಟ್ಟಿನಲ್ಲಿ ಅರ್ಧ ಜನರ ಶರ್ಟಿಗೆ ಅವರ ಕೈ ಬಿದ್ದಿತ್ತು. ತಾವು ಹೊಲಿದ ಬಟ್ಟೆ ದಾರಿಯಲ್ಲಿ ಎದುರಾದರೆ ಸಾಕು, ಮಾತು ಅಲ್ಲಿಗೆ ನಿಲ್ಲುತ್ತಿತ್ತು, ಕಣ್ಣು ಹೊಲಿಗೆಯ ಹಿಂದೆ ಹೋಗುತ್ತಿತ್ತು.

ಕಥೆಯಲ್ಲಿ ಆ ಟೈಲರ್ ಸತ್ಯವಂತೆ. ಹಾಗೆಂದೇ ನಾನು ಅವರಿಗೆ ಹೇಳಿದ್ದೆ, ಹಾಗೆಂದೇ ಅವರು ಒಪ್ಪಿದ್ದರು. ಆದರೆ ಕೆಲವು ತಿಂಗಳ ನಂತರ ಚಾನೆಲ್ಲಿನವರು ಕಥೆಗೆ ತಿರುವು ಬೇಕೆಂದರು, ಯಾರೂ ಊಹಿಸದ್ದು. ಯಾರೂ ಊಹಿಸದ್ದು ಒಂದೇ ಇತ್ತು. ಆ ಟೈಲರ್ ಹೇಳಿದ್ದು ಸುಳ್ಳು, ಒಂದು ಹೊಸ ಹೊಲಿಗೆ ಯಂತ್ರದ ಆಸೆಗೆ ನಿರಪರಾಧಿಯ ಹೆಸರು ಹೇಳಿದಳು ಎಂದು ಬರೆದೆ.

ಹಾಳೆ ಕೊಟ್ಟಾಗ ಅವರು ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದರು.

"ಈ ಯಮ್ಮ ಸುಳ್ಳು ಹೇಳೋಳಲ್ಲ ಅಂತ ನೀವೇ ಅಂದಿದ್ರಿ."

"ಕಥೆ ಬದಲಾಯ್ತು ಅಮ್ಮಾ. ಕಥೆ ಅಷ್ಟೆ."

"ನಿಮ್ಗೆ ಕಥೆ. ನಾನು ನಾಳೆ ಬೆಳಿಗ್ಗೆ ಅಂಗ್ಡಿ ಬಾಗ್ಲು ತೆಗೀಬೇಕಲ್ಲ."

ಅಷ್ಟು ಹೇಳಿದ ಮೇಲೂ ಮಾಡಿದರು, ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವುದು ಅವರಿಗೆ ಗೊತ್ತಿರಲಿಲ್ಲ. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಎದುರು ಅಳುತ್ತಾ, "ನನ್ನ ಕಣ್ಣಾರೆ ನೋಡಿದೆ ತಾಯಿ" ಎಂದು ಸುಳ್ಳು ಹೇಳುವ ದೃಶ್ಯವನ್ನು ಒಂದೇ ಸಲಕ್ಕೆ ಮುಗಿಸಿದರು. ಅವರು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು, ಮೇಕಪ್ಪಿನವರ ಟವೆಲ್ಲು ಬೇಡವೆಂದು ಸೆರಗಿನಲ್ಲೇ ಒರೆಸಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದರು.

ಅದು ಪ್ರಸಾರವಾದ ವಾರದಿಂದ ಊರಿನಲ್ಲಿ ಚೇಷ್ಟೆ ಶುರುವಾಯಿತು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು, "ಅಳತೆನಾದ್ರೂ ದಿಟವಾಗಿ ಬರ್ಕೊಳಿ ಟೈಲರಮ್ಮ" ಎಂದು ನಗುತ್ತಿದ್ದರು. ಬಟ್ಟೆ ಶುಕ್ರವಾರ ಸಿಕ್ಕುತ್ತದೆ ಎಂದರೆ, "ಟಿವೀಲಿ ಹೇಳ್ದಂಗಾ, ನಿಜವಾಗ್ಲಾ?" ಎನ್ನುತ್ತಿದ್ದರು. ಟೈಲರಮ್ಮನೂ ನಕ್ಕು ಸುಮ್ಮನಾಗುತ್ತಿದ್ದರು. ಸೀರಿಯಲ್ಲು ಮುಗಿಯಿತು. ನಾವು ನಮ್ಮ ಊರನ್ನು ಬಿಚ್ಚಿ ಅದರ ತುಂಡುಗಳನ್ನು ಆಯಾ ಊರುಗಳಿಗೆ ಹಿಂದಿರುಗಿಸಿ ಹೋದೆವು. ನಾನು ಬೇರೊಂದು ಸೀರಿಯಲ್ಲಿಗೆ ಬರೆಯತೊಡಗಿದೆ.

ಆಮೇಲೆ ಆ ಅಪಘಾತವಾಯಿತು.

ಅರಕಲಗೂಡು ರಸ್ತೆಯ ಒಂದು ಹಳ್ಳಿಯ ಶಾಲೆಗೆ ಯೂನಿಫಾರಂ ಕೊಟ್ಟು ಟೈಲರಮ್ಮ ಸಂಜೆ ಬಸ್ಸಿಗೆ ಕಾಯುತ್ತಿದ್ದರು. ಇನ್ನೂ ಬೆಳಕಿತ್ತು. ಡೈರಿಗೆ ಹಾಲು ಹಾಕಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಒಬ್ಬನಿಗೆ ತಿರುವಿನಲ್ಲಿ ಕಾರು ಗುದ್ದಿತು. ಕಾರು ನಿಂತಿತು. ಒಬ್ಬ ಮನುಷ್ಯ ಇಳಿದು ನಾಲ್ಕು ಹೆಜ್ಜೆ ನಡೆದು, ಬಿದ್ದವನ ಮೇಲೆ ಬಗ್ಗಿ ನೋಡಿ, ಎದ್ದು ತಿರುಗಿ ಹೋಗಿ ಕಾರು ಹತ್ತಿ ಹೊರಟುಬಿಟ್ಟ. ನಂಬರು ಓದಲಾಗದಷ್ಟು ಕೆಸರು ಮೆತ್ತಿತ್ತು. ಟೈಲರಮ್ಮ ಓಡಿಹೋಗಿ ಬಿದ್ದವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹಾಸನದ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಅವನು ಹೋದ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ತಮ್ಮ.

ಅವತ್ತೇ ಟೈಲರಮ್ಮ ಪೊಲೀಸರಿಗೆ ಹೇಳಿದರು. ಕಾರಿನಿಂದ ಇಳಿದವನು ಹಾಕಿದ್ದ ನೀಲಿ ಚೌಕಳಿ ಶರ್ಟು ತಾವು ಹೊಲಿದದ್ದು. ಊರಿನ ಒಬ್ಬ ಹಾರ್ಡ್‌ವೇರ್ ಅಂಗಡಿಯವರಿಗೆ ಹೊಲಿದುಕೊಟ್ಟದ್ದು. ಕೇಸಾಯಿತು. ಅಂಗಡಿಯವರು ಆ ಸಂಜೆ ತಾನು ಮನೆಯಲ್ಲೇ ಇದ್ದೆ ಎಂದರು. ಅವರ ಕಾರಿನ ಮುಂಭಾಗ ರಿಪೇರಿಯಾಗಿತ್ತು, ಅದಕ್ಕೆ ಅವರ ಬಳಿ ಬೇರೆ ಕಾರಣವಿತ್ತು. ಆ ತಿರುವಿನಲ್ಲಿ ಕ್ಯಾಮೆರಾ ಇರಲಿಲ್ಲ. ಸೀರಿಯಲ್ಲಾಗಿದ್ದರೆ ನಾನು ಒಂದು ಇಟ್ಟುಬಿಡುತ್ತಿದ್ದೆ.

ವಿಚಾರಣೆ ಹತ್ತಿರವಾದಾಗ ಸತ್ತವನ ತಮ್ಮ ವಿಳಾಸ ಹುಡುಕಿಕೊಂಡು ಹಾಸನಕ್ಕೆ ನಮ್ಮ ಮನೆಗೆ ಬಂದ. ಮೂವತ್ತರ ಆಸುಪಾಸಿನವನು. ಕೂರು ಎಂದರೂ ಕೂರಲಿಲ್ಲ.

"ಸಾ, ಆ ಯಮ್ಮ ಶರ್ಟು ಶರ್ಟು ಅಂತವ್ರೆ. ಶರ್ಟು ಯಾರ್ ಬೇಕಾದ್ರೂ ಆಕ್ಕೋಬೋದು ಅಂತಾರೆ ಅವ್ರ ಲಾಯ್ರು. ಮುಖ ನೋಡ್ದೆ ಅಂತ ಒಂದ್ ಮಾತು ಅಂದ್ಬುಟ್ರೆ ಮುಗೀತು. ನೀವು ಬರ್ಕೊಡಿ ಸಾ."

"ಕೋರ್ಟಿನಲ್ಲಿ ಹೇಳೋದನ್ನ ನಾನು ಹೇಗೆ ಬರೆದುಕೊಡಲಿ?"

"ಟಿವೀಲಿ ನೀವು ಬರ್ದಿದ್ದೇ ಅಲ್ವಾ ಅವ್ರು ಹೇಳಿದ್ದು? ಊರೆಲ್ಲ ನಂಬ್ತು. ಆ ಕಾರು ಅವ್ರದೇ ಅಂತ ನಿಮ್ಗೂ ಗೊತ್ತು, ನಮ್ಗೂ ಗೊತ್ತು. ಇರೋದ್ನೇ ಹೇಳೋಕೆ ಒಂದ್ ಸುಳ್ಳು ಸಾ."

ಅವನು ಹೋದ ಮೇಲೆ ನಾನು ಮನೆಯೊಳಗೆ ಅಡ್ಡಾಡಿದೆ. ಬರೆಯಬಾರದು ಎಂದುಕೊಂಡೆ. ಆ ಕಾರು ಅಂಗಡಿಯವರದೇ ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಟೈಲರಮ್ಮನ ಮಾತನ್ನು ಜನ ಹಗುರ ಮಾಡುವಂತೆ ಮಾಡಿದ್ದೂ ನಾನೇ. ಅದನ್ನು ಸರಿಮಾಡುವ ದಾರಿ ಇದೇ ಎಂದು ನನಗೆ ನಾನೇ ಹೇಳಿಕೊಂಡೆ. ಕೂತು ಅರ್ಧ ಪುಟ ಬರೆದೆ. ಚೆನ್ನಾಗಿಯೇ ಬಂತು. ಇಳಿಬಿಸಿಲು ಮುಖದ ಮೇಲೆ ಬಿದ್ದದ್ದು, ಅಂಗಡಿಯವರು ಹಣೆಯ ಬೆವರು ಒರೆಸಿಕೊಂಡದ್ದು, ಒಂದು ಗಳಿಗೆ ಕಣ್ಣಿಗೆ ಕಣ್ಣು ಸೇರಿದ್ದು, ಎಲ್ಲ ಇತ್ತು. ಇದೇ ನಾನು ಯಾರಿಗೂ ಹೇಳದ ಕೆಲಸ.

ಮರುದಿನ ಹೊಳೆನರಸೀಪುರಕ್ಕೆ ಹೋಗಿ ಆ ಹಾಳೆಯನ್ನು ಅವರ ಮೇಜಿನ ಮೇಲೆ ಇಟ್ಟೆ. ಅಂಗಡಿಯಲ್ಲಿ ಕಾಜಾ, ಬಟನ್ ಹಾಕಿಕೊಡುವ ಸಹಾಯಕಿ ಕೂತಿದ್ದಳು. ಟೈಲರಮ್ಮ ಅವಳನ್ನು ಕಾಫಿ ತರಲು ಕಳಿಸಿ, ಕನ್ನಡಕ ಹಾಕಿಕೊಂಡು ನಿಂತೇ ಓದಿದರು.

"ಚೆನ್ನಾಗದೆ," ಎಂದರು. "ನಾನು ಹೇಳಿದ್ರೆ ಅವ್ರು ನಂಬ್ತಾರೆ."

"ಹಾಗಿದ್ರೆ..."

"ನಂಗೆ ಮುಖ ಕಾಣ್ಲಿಲ್ವಲ್ಲ ರೈಟ್ರೇ."

ಹಾಳೆಯನ್ನು ನಾಲ್ಕಾಗಿ ಮಡಿಸಿ ನನ್ನ ಶರ್ಟಿನ ಜೇಬಿಗೆ ಅವರೇ ತುರುಕಿದರು. ನಾನು ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ. "ಸಂಜೆಗಂಟ ಇರ್ತೀರಾ? ಒಂದ್ ಕಡೆ ಓಗ್ಬೇಕು" ಎಂದರು.

ಸಂಜೆ ನನ್ನ ಸ್ಕೂಟರಿನಲ್ಲಿ ಆ ತಿರುವಿಗೆ ಹೋದೆವು. ಅಲ್ಲಿಗೆ ಹೋದ ಮೇಲೆ ತಿಳಿಯಿತು, ಅವರು ವಾರಕ್ಕೆರಡು ಸಲ ಬಸ್ಸಿನಲ್ಲಿ ಅಲ್ಲಿಗೆ ಬರುತ್ತಿದ್ದರು. ಅಪಘಾತವಾದ ಹೊತ್ತಿಗೇ ಬಂದು ನಿಲ್ಲುತ್ತಿದ್ದರು. ದಾರಿಹೋಕರು ಅಲ್ಲಿ ನಡೆದುಹೋಗುವುದನ್ನು ನೋಡುತ್ತಿದ್ದರು.

"ನೀವು ಅಲ್ಲಿಂದ ನಡ್ಕೊಂಡ್ ಬನ್ನಿ. ಈ ಕಲ್ಲತ್ರ ಬಗ್ಗಿ. ಹೂಂ, ಈಗ ಎದ್ದೇಳಿ. ತಿರುಗಿ. ನಡೀರಿ."

ನಾನು ನಡೆದೆ. "ಇನ್ನೊಂದ್ ಸಲ," ಎಂದರು. ಮತ್ತೆ ನಡೆದೆ. ಎಷ್ಟು ಸಲ ಬಗ್ಗಿ ಎದ್ದೆನೋ ಲೆಕ್ಕವಿಲ್ಲ. ದನ ಹೊಡೆದುಕೊಂಡು ಬಂದ ಒಬ್ಬರು ನಿಂತು ನೋಡಿ ಹೋದರು. ಕೊನೆಗೆ ಟೈಲರಮ್ಮ ಕೈಯೆತ್ತಿ ಸಾಕು ಎಂದರು.

"ಕಾಣ್ತದೆ."

"ಏನು ಅಮ್ಮಾ?"

"ಮುಖ. ಎದ್ದು ತಿರುಗ್ದಾಗ ಪೂರ್ತಿ ಕಾಣ್ತದೆ. ಬೇರೆಯೋರು ಇಲ್ಲಿ ಬಗ್ಗಿ ನೋಡೋದಿಲ್ವಲ್ಲ, ಅದ್ಕೇ ಇಷ್ಟು ದಿನ ತಿಳೀಲಿಲ್ಲ." ರಸ್ತೆಯನ್ನೇ ನೋಡುತ್ತಾ ಮಾತು ಮುಂದುವರಿಸಿದರು. "ಅವತ್ತೂ ಕಾಣ್ತಿತ್ತು. ನಾನೇ ನೋಡ್ಲಿಲ್ಲ. ಬಗ್ಗಿದಾಗ ತೋಳಿನ ಹೊಲಿಗೆ ಬಿಟ್ಕೊಂಡಿತ್ತು. ನನ್ ಹೊಲಿಗೆ ಎಂಗೆ ಬಿಡ್ತು ಅಂತ ಅದ್ನೇ ನೋಡ್ತಾ ನಿಂತಿದ್ದೆ ರೈಟ್ರೇ. ಅಲ್ಲೊಬ್ಬ ಪ್ರಾಣ ಬಿಡ್ತಿದ್ದ, ನಾನು ಹೊಲಿಗೆ ನೋಡ್ತಿದ್ದೆ."

ವಾಪಸು ಬರುವಾಗ ಸ್ಕೂಟರಿನ ಹಿಂದೆ ಅವರು ಅತ್ತರೋ ಇಲ್ಲವೋ ತಿಳಿಯದು. ಅಂಗಡಿಯ ಮುಂದೆ ಇಳಿದು, ನನ್ನ ಹೆಲ್ಮೆಟ್ಟಿನ ಬಕಲ್ ಸಡಿಲವಾಗಿದೆ, ಬಿಗಿಮಾಡಿಸಿಕೊಳ್ಳಿ ಎಂದಷ್ಟೇ ಹೇಳಿ ಒಳಗೆ ಹೋದರು.

ಸಾಕ್ಷಿ ಹೇಳುವ ದಿನ ನಾನೂ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವರನ್ನು ಕರೆಯುವವರೆಗೆ ಹೊರಗೆ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದರು. ಕಟಕಟೆಗೆ ಬಂದಾಗ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮರೆತು ಬಂದಿರಬೇಕು.

ಶರ್ಟಿನ ವಿಷಯ ಒಂದೂ ಬಿಡದೆ ಹೇಳಿದರು. ಯಾವ ಬಟ್ಟೆ, ಯಾರ ಅಳತೆ, ಜೇಬಿನ ಚೌಕಳಿಯನ್ನು ಎದೆಯ ಚೌಕಳಿಗೆ ಹೇಗೆ ಕೂಡಿಸಿದ್ದೆ ಎಂಬುದೆಲ್ಲ. ಆಮೇಲೆ ಅಂಗಡಿಯವರ ವಕೀಲರು ಎದ್ದರು. ಒಳ್ಳೆಯ ದನಿ ಅವರದು.

"ನೀವು ನಟಿ ಅಲ್ಲವೇನಮ್ಮಾ?"

"ಟೈಲರ್ ಸಾ."

"ಟಿವಿಯಲ್ಲಿ ನಟಿಸಿದ್ದೀರಿ. ಪೊಲೀಸರ ಮುಂದೆ ಕಣ್ಣೀರು ಹಾಕಿ ಸುಳ್ಳು ಸಾಕ್ಷಿ ಹೇಳಿದ್ದೀರಿ. ನಮ್ಮ ಮನೆಯವರೂ ನೋಡಿದ್ದಾರೆ."

ಒಂದಿಬ್ಬರು ನಕ್ಕರು. ಟೈಲರಮ್ಮ ಹೌದು ಎಂದರು.

"ಅದು ಸುಳ್ಳು ಅಂತ ಯಾರಿಗೂ ಗೊತ್ತಾಗದ ಹಾಗೆ ಹೇಳಿದಿರಿ."

"ಹೌದು ಸಾ."

"ಹಾಗಿದ್ದರೆ ಈಗ ಹೇಳುತ್ತಿರುವುದು?"

"ಇದ್ನ ಯಾರೂ ಬರ್ದುಕೊಟ್ಟಿಲ್ಲ ಸಾ."

ನನ್ನ ಕಡೆ ಅವರು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ಮುಂದಿನ ಬೆಂಚಿನ ಬೆನ್ನನ್ನು ಹಿಡಿದುಕೊಂಡು ತಲೆ ತಗ್ಗಿಸಿದೆ.

ನ್ಯಾಯಾಧೀಶರು ತಾವೇ ಕೇಳಿದರು. "ಆ ಮನುಷ್ಯನ ಮುಖ ನೋಡಿದಿರಾ?"

ನಾನಿದ್ದಲ್ಲಿಗೆ ಟೈಲರಮ್ಮನ ಕಾಲು ಕಾಣುತ್ತಿತ್ತು. ಯಾವಾಗಲೂ ತುಳಿಯುತ್ತಿದ್ದ ಆ ಬಲಗಾಲು ಆಗ ನಿಂತಿತ್ತು. ಎದುರಿನ ಸಾಲಿನಲ್ಲಿ ಸತ್ತವನ ಹೆಂಡತಿ ಇಬ್ಬರು ಮಕ್ಕಳನ್ನು ಎರಡು ಪಕ್ಕಕ್ಕೆ ಕೂರಿಸಿಕೊಂಡು ಟೈಲರಮ್ಮನ ಬಾಯನ್ನೇ ನೋಡುತ್ತಿದ್ದಳು.

"ಇಲ್ಲ ಸ್ವಾಮಿ. ನೋಡ್ಬೋದಿತ್ತು. ನೋಡ್ಲಿಲ್ಲ."

ಕೆಲವು ತಿಂಗಳಾದ ಮೇಲೆ ತೀರ್ಪು ಬಂತು. ಅನುಮಾನದ ಲಾಭ ಕೊಟ್ಟು ಹಾರ್ಡ್‌ವೇರ್ ಅಂಗಡಿಯವರನ್ನು ಬಿಟ್ಟರು. ಸತ್ತವನ ತಮ್ಮ ಹೊರಗೆ ಬಂದು ಟೈಲರಮ್ಮನ ಕಾಲ ಬಳಿ ಉಗಿದು ಹೋದ. ಹೆಂಡತಿ ಹಾಗೇನೂ ಮಾಡಲಿಲ್ಲ. ಹತ್ತಿರ ಬಂದು ನಿಂತು, ದನಿ ಏರಿಸದೆ ಹೇಳಿದಳು.

"ಟಿವಿಯೋರ್ಗೆ ಹೇಳೋಕಾಯ್ತು. ನಮ್ಗೊಂದ್ ಮಾತು ಹೇಳೋಕಾಗ್ಲಿಲ್ಲ ನಿಮ್ಗೆ."

ಆ ಹೆಂಗಸು ಮಕ್ಕಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಾವಿಬ್ಬರೂ ನಡೆದೇ ಹೋದೆವು. ಅವರು ನನಗಿಂತ ಎಷ್ಟು ಬೇಗ ನಡೆಯುತ್ತಿದ್ದರೆಂದರೆ ನಾನು ಓಡಬೇಕಾಯಿತು.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ಕಾಜಾ ಹಾಕುವ ಸಹಾಯಕಿ ಹೇಳಿದ್ದು. ತೀರ್ಪಿನ ನಂತರ ಒಂದು ಮಧ್ಯಾಹ್ನ ಹಾರ್ಡ್‌ವೇರ್ ಅಂಗಡಿಯವರು ಒಳ್ಳೆಯ ಶರ್ಟಿನ ಬಟ್ಟೆಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಟೈಲರಮ್ಮನ ಅಂಗಡಿಗೆ ಬಂದರಂತೆ.

"ಇರೋದ್ನ ಇದ್ದಂಗೆ ಹೇಳಿದ್ರಿ ಟೈಲರಮ್ಮ. ನಿಮ್ ಮೇಲೆ ನಂಗೇನೂ ಬೇಜಾರಿಲ್ಲ. ಇದ್ರಾಗೊಂದು ಶರ್ಟು ಹೊಲ್ದುಕೊಡಿ."

"ನಿಂತ್ಕಳಿ. ಅಳತೆ ನೋಡ್ಬೇಕು."

ಅವರು ವರ್ಷಗಟ್ಟಲೆಯ ಅಭ್ಯಾಸದಂತೆ ಬೆನ್ನು ತಿರುಗಿಸಿ ನಿಂತರು. ಟೈಲರಮ್ಮ ಕೊರಳಿನ ಟೇಪು ತೆಗೆಯಲಿಲ್ಲ.

"ಈ ಕಡೆ ತಿರುಗಿ."

ಅವರು ತಿರುಗಿದರು. ಟೈಲರಮ್ಮ ಅವರ ಮುಖವನ್ನು ನೋಡುತ್ತಾ ನಿಂತರು. ಮಾತಿಲ್ಲ, ಸಿಟ್ಟಿಲ್ಲ, ಸುಮ್ಮನೆ ನೋಟ. ಅಷ್ಟು ಹೊತ್ತಿನಲ್ಲಿ ತಾನು ನಾಲ್ಕು ಬಟನ್ ಹಾಕಿ ಮುಗಿಸಿದೆ ಎಂದಳು ಸಹಾಯಕಿ. ಮೊದಲು ಅಂಗಡಿಯವರು ನಕ್ಕರಂತೆ. ಆಮೇಲೆ ಮೇಜಿನ ಮೇಲಿನ ಕತ್ತರಿ ನೋಡಿದರು, ಬಾಗಿಲು ನೋಡಿದರು. ಕೊನೆಗೆ ಬಟ್ಟೆಯ ಪೊಟ್ಟಣವನ್ನು ತಾವೇ ಎತ್ತಿಕೊಂಡು ಹೊರಟುಹೋದರು. ಮತ್ತೆ ಆ ಬೀದಿಯಲ್ಲಿ ಅವರನ್ನು ಕಂಡವರಿಲ್ಲ. ಅಂಗಡಿಯನ್ನೂ ಬಸ್ ಸ್ಟ್ಯಾಂಡಿನ ಆಚೆಗೆ ಬದಲಾಯಿಸಿಕೊಂಡರು.

"ಯಾಕಮ್ಮಾ ಹಂಗೆ ನೋಡಿದ್ರಿ?" ಎಂದು ಮುಂದೊಮ್ಮೆ ನಾನೇ ಕೇಳಿದೆ.

"ಬಾಕಿ ಇತ್ತು," ಎಂದರು, ಅಷ್ಟೆ. ಯಂತ್ರದ ಚಕ್ರಕ್ಕೆ ಕೈ ಹಾಕಿ ತಿರುಗಿಸಿದರು.

ಕೊನೆಯ ಎರಡು ವರ್ಷ ನಾನು ಅವರನ್ನು ನೋಡಿದ್ದು ನಾಲ್ಕೈದು ಸಲವಷ್ಟೆ. ಹೋದಾಗಲೆಲ್ಲ ಇನ್ನೇನು ಎಲ್ಲಿಗೋ ಹೊರಡುವವರಂತೆ ಇರುತ್ತಿದ್ದರು. ಒಂದು ಸಲ ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಅರಕಲಗೂಡಿನ ಬಸ್ಸಿಗೆ ನಿಂತಿದ್ದರು. ಎಲ್ಲಿಗೆ ಎಂದರೆ "ಇಲ್ಲೇ" ಎಂದರು. ಇನ್ನೂ ಆ ತಿರುವಿಗೇ ಹೋಗುತ್ತಾರೆ ಎಂದುಕೊಂಡು ನನಗೆ ಸಂಕಟವಾಯಿತು. ಇನ್ನು ಸಾಕು ಬಿಡಿ ಎಂದು ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಹದಿನೈದು ದಿನದ ಕಾಯಿಲೆಯಲ್ಲಿ ಅವರು ಹೋದರು. ನನಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಮೂರನೆಯ ದಿನ ಅವರ ತಂಗಿಯ ಮನೆಗೆ ಹೋದೆ. ಗಂಡ ತೀರಿಕೊಂಡ ಮೇಲೆ ಅವರು ಇದ್ದದ್ದು ಅಲ್ಲೇ. ಹಜಾರದಲ್ಲಿ ಚಾಪೆ ಹಾಸಿತ್ತು, ಗೋಡೆಗೆ ಒರಗಿ ಏಳೆಂಟು ಜನ ಕೂತಿದ್ದರು. ಅವರಲ್ಲಿ ಬಾಗಿಲ ಹತ್ತಿರ ಒಬ್ಬಳೇ ಕೂತಿದ್ದವಳನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸತ್ತ ಹಾಲಿನವನ ಹೆಂಡತಿ.

ಅವಳು ಅಲ್ಲಿಗೆ ಬಂದಿರಬಹುದು ಎಂದು ನಾನು ಎಣಿಸಿರಲಿಲ್ಲ. ಹೊರಗೆ ಬಂದಾಗ ಅವಳೂ ಎದ್ದು ಬಂದಳು. ಅವಳಿಗೂ ನನ್ನ ಗುರುತಿತ್ತು.

"ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ," ಎಂದೆ.

"ನಂಗೂ ಗೊತ್ತಿರ್ನಿಲ್ಲ ಸಾ." ಸೆರಗನ್ನು ಸರಿಮಾಡಿಕೊಂಡಳು. "ತೀರ್ಪಾದ ಮಾರನೇ ತಿಂಗ್ಳಿಂದ ನಮ್ಮನೆಗೆ ಬತ್ತಿದ್ರು. ತಿಂಗ್ಳಿಗೊಂದ್ ಸಲ. ನಾನು ಬನ್ನಿ ಅಂತ್ಲೂ ಅನ್ನಿಲ್ಲ, ಓಗಿ ಅಂತ್ಲೂ ಅನ್ನಿಲ್ಲ. ಜಗ್ಲಿ ಮ್ಯಾಲೆ ಹಣ್ಣು ಮಡಗಿ, ಒಂದ್ ಗಳಿಗೆ ಕುಂತಿದ್ದು, ಎದ್ದು ಓಗೋರು. ಎರಡ್ ವರ್ಷ ಆಯ್ತು. ನಾನು ಒಂದ್ ಮಾತೂ ಆಡ್ನಿಲ್ಲ ಅವ್ರ ಕೂಟೆ."

ಒಳಗಿನಿಂದ ಯಾರೋ ಅವಳಿಗೆ ಕಾಫಿ ತಂದುಕೊಟ್ಟರು. ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

"ಈ ತಿಂಗ್ಳು ಬರ್ನಿಲ್ಲ," ಎಂದಳು. "ಎರಡ್ ದಿನ ನೋಡ್ದೆ. ಮೂರನೇ ದಿನ ನಾನೇ ರಸ್ತೆಗಂಟ ಬಂದು, ಅವ್ರು ಬರೋ ಬಸ್ ಬತ್ತದಾ ಅಂತ ನಿಂತ್ಕಂಡೆ."